ಗೇರಿನ ಕಾರನ್ನೇ ಕೊಳ್ಳಲೇ? ಕಲಬುರಗಿಯ ಒಂದು ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ:
ಕಲಬುರಗಿಯಲ್ಲಿ ಶಿಕ್ಷಕಿಯಾಗಿದ್ದೇನೆ, ಇದೇ ನನ್ನ ಮೊದಲ ಕಾರು. ವಾರವೆಲ್ಲ ನಗರದೊಳಗಿನ ಓಡಾಟ, ಭಾನುವಾರ ಚಿಂಚೋಳಿ ತಾಲ್ಲೂಕಿನ ತವರಿಗೆ ಪ್ರಯಾಣ. ಶೋರೂಮಿನವರು ಆಟೋಮ್ಯಾಟಿಕ್ ಕೊಳ್ಳುವಂತೆ ಒತ್ತಾಯಿಸುತ್ತಿದ್ದಾರೆ. ಗೇರಿನ ಗಾಡಿಯಲ್ಲೇ ಕಲಿತ ನನಗೆ ಅದನ್ನು ಬಿಡಲು ಮನಸ್ಸಿಲ್ಲ. ಓಡಿಸಿದವರು ದಯವಿಟ್ಟು ತಿಳಿಸಿ.

ಸೇಡಂನಿಂದ ಒಬ್ಬರು:
ಮೇಡಂ, ಹತ್ತೊಂಬತ್ತು ವರ್ಷಗಳಿಂದ ಗೇರಿನ ಕಾರು ಓಡಿಸುತ್ತಿದ್ದೇನೆ. ನಡುವೆ ಒಂದು ವರ್ಷ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದ ಒಂದು ಬಗೆಯ ಆಟೋಮ್ಯಾಟಿಕ್ ಕಾರು ಬಳಸಿ ಮತ್ತೆ ಗೇರಿಗೇ ಮರಳಿದೆ. ನಮ್ಮ ಕಡೆಯ ರಸ್ತೆಗಳಲ್ಲಿ ಸಿಮೆಂಟ್ ಲಾರಿಗಳ ಸಾಲನ್ನು ಹಿಂದೆ ಹಾಕಬೇಕಾದಾಗ ನಾನು ಮೊದಲೇ ಮೂರನೇ ಗೇರಿಗೆ ಇಳಿಸಿಕೊಂಡು, ಎಂಜಿನ್ನಿಗೆ ಬಲ ಬಂದದ್ದು ಪಾದಕ್ಕೆ ತಿಳಿದ ಮೇಲೆಯೇ ಬಲಕ್ಕೆ ಹೊರಳುತ್ತೇನೆ. ಎಎಂಟಿಯಲ್ಲಾದರೆ ಆಕ್ಸಿಲರೇಟರ್ ತುಳಿದ ಬಳಿಕ ಯಂತ್ರವು ಗೇರು ಇಳಿಸುತ್ತದೆ, ಎದುರಿನಿಂದ ಬಸ್ಸು ಬರುತ್ತಿರುವಾಗ ಆ ಒಂದು ಕ್ಷಣವೂ ದೀರ್ಘವೆನಿಸುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿಗೆ ಬಂದ ಈ ಎಎಂಟಿಯ ಒಳಗಿರುವುದೂ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನಷ್ಟೇ ಯಂತ್ರ ವಹಿಸಿಕೊಂಡಿದೆ. ಕೈಯಿಂದ ಗೇರು ಬದಲಿಸುವ ಅವಕಾಶ ಅದರಲ್ಲೂ ಉಂಟು, ಆದರೆ ಕ್ಲಚ್ ಬಿಡುವ ಹದ ಮಾತ್ರ ನಮ್ಮದಲ್ಲ. ನನಗೆ ಬೇಕಾದದ್ದು ಆ ಹದವೇ.

ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಹೇಗೆ ಮೆತ್ತಿಕೊಳ್ಳುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಒಮ್ಮೆ ತೊಗರಿ ಹೊಲದ ಬಂಡಿದಾರಿಯಲ್ಲಿ ಸಿಕ್ಕಿಕೊಂಡಾಗ ಮೊದಲನೇ ಗೇರಿನಲ್ಲಿ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ಎರಡನೇ ಗೇರಿಗೆ ಹಾಕಿ, ಕ್ಲಚ್ಚನ್ನು ಎಳೆ ಎಳೆಯಾಗಿ ಬಿಟ್ಟಾಗ ಗಾಡಿ ತಾನಾಗಿ ಮೇಲೆದ್ದು ಬಂತು. ಅಂದಿನ ಸಂತೋಷ ಇನ್ನೂ ನೆನಪಿದೆ. ಚಿಂಚೋಳಿಯಿಂದ ಕುಂಚಾವರಂ ಕಾಡಿನ ಕಡೆಗೆ ಹೋಗುವುದಿದ್ದರೆ, ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋಗದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ, ಬ್ರೇಕ್ ಕಾಯುವುದಿಲ್ಲ, ಆಕ್ಸಿಲರೇಟರ್ ಬಿಟ್ಟಿರುವುದರಿಂದ ಈಗಿನ ಎಂಜಿನ್ನುಗಳಿಗೆ ಅಷ್ಟು ಹೊತ್ತು ಇಂಧನವೂ ಹರಿಯುವುದಿಲ್ಲ. ಗೇರಿನ ಕಾರಿನಲ್ಲಿ ಕೂತಾಗ ಕಿವಿ ಎಂಜಿನ್ನಿನ ದನಿಯ ಮೇಲೂ ಕಣ್ಣು ಮುಂದಿನ ತಿರುವಿನ ಮೇಲೂ ತಾವಾಗಿಯೇ ನಿಲ್ಲುತ್ತವೆ, ಹಾಗಾಗಿ ಎರಡು ಗಂಟೆಯ ದಾರಿ ನನಗೆ ಎಂದೂ ಬೇಸರ ತಂದಿಲ್ಲ.

ಬೀದರ್‌ನಿಂದ ಒಬ್ಬರು:
ಒಂದು ಮಾತು ಸೇರಿಸುತ್ತೇನೆ. ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಬ್ಯಾಟರಿ ಸೋತಿದ್ದಾಗ ಓಣಿಯ ನಾಲ್ವರು ಹುಡುಗರು ತಳ್ಳಿದರು; ಕೀಲಿ ತಿರುಗಿಸಿ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿಟ್ಟು, ವೇಗ ಬಂದಾಗ ಬಿಟ್ಟೆ, ಗಾಡಿ ಶುರುವಾಯಿತು. ಆಟೋಮ್ಯಾಟಿಕ್ ಕಾರನ್ನು ಹೀಗೆ ತಳ್ಳಿ ಎಬ್ಬಿಸಲಾಗದು. ಸಣ್ಣ ಕಾರುಗಳಲ್ಲಿ ಎಎಂಟಿಗೆ ಸುಮಾರು 50,000 ರೂಪಾಯಿ ಹೆಚ್ಚು ಕೊಡಬೇಕೆಂಬುದೂ ಲೆಕ್ಕದಲ್ಲಿರಲಿ.

ಕಲಬುರಗಿಯಿಂದ ಒಬ್ಬರು:
ಮೇಲಿನ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಅವರ ಓಡಾಟ ಹೆಚ್ಚಾಗಿ ತೆರೆದ ರಸ್ತೆಯಲ್ಲಿ. ಎಡ ಮೊಣಕಾಲಿನ ನೋವಿರುವ ನನ್ನ ಪತ್ನಿಗೆ ಸಂಜೆಯ ದಟ್ಟಣೆಯಲ್ಲಿ ಕ್ಲಚ್ ತುಳಿದು ತುಳಿದು ಸಾಕಾಗಿ, ಮನಸ್ಸಿಲ್ಲದೆಯೇ ಆಟೋಮ್ಯಾಟಿಕ್ ತೆಗೆದುಕೊಂಡೆವು. ಅವರ ಮಟ್ಟಿಗೆ ಅದು ಸರಿಯಾದ ನಿರ್ಧಾರ. ನಿಮ್ಮ ಮೊಣಕಾಲು ಗಟ್ಟಿಯಾಗಿದ್ದರೆ ಗೇರಿನ ಕಾರನ್ನೇ ಕೊಳ್ಳಿ. ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್‌ಗೆ ಹಾಕಿ, ಪಾದವನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಇರಬೇಡಿ. ಆ ಅಭ್ಯಾಸದಿಂದಲೇ ನನ್ನ ಹಳೆಯ ಗಾಡಿಯ ಕ್ಲಚ್ ಪ್ಲೇಟ್ ಬೇಗ ಸವೆಯಿತು. ಟೆಸ್ಟ್ ಡ್ರೈವನ್ನು ರಿಂಗ್ ರಸ್ತೆಯಲ್ಲಿ ಮುಗಿಸಿಬಿಡುತ್ತಾರೆ. ಹಾಗೆ ಮಾಡದೆ ಸಂಜೆ ಆರರ ನಂತರ ಸೂಪರ್ ಮಾರ್ಕೆಟ್ ಕಡೆಗೆ ಅರ್ಧ ಗಂಟೆ ಓಡಿಸಿ ನೋಡಿ, ಆಮೇಲೆ ಮುಂಗಡ ಕೊಡಿ.