ಚೆನ್ನಾಗಿ ಕಲಿತವರೆಲ್ಲ ಹೊರದೇಶಕ್ಕೆ ಹೋದರೆ, ಅವರು ಕಳಿಸುವ ಹಣದಿಂದ ಆ ಜಾಗ ತುಂಬುತ್ತದಾ?

ಬೆಳಕಿಂಡಿ (ಪ್ರಶ್ನೆ):

ನಾನು ಹನ್ನೊಂದು ವರ್ಷದಿಂದ ನರ್ಸಿಂಗ್ ಪಾಠ ಮಾಡುತ್ತಿದ್ದೇನೆ. ಪ್ರತಿ ಬ್ಯಾಚಿನಲ್ಲೂ ಯಾರ ಕೈ ಚೆನ್ನಾಗಿ ಪಳಗಿದೆಯೋ ಅವರೇ ಮೊದಲು ವಿಮಾನ ಹತ್ತುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಎಷ್ಟೋ ಜನಕ್ಕೆ ಶಿಫಾರಸು ಪತ್ರ ಬರೆದುಕೊಟ್ಟವಳು ನಾನೇ. ಆದರೆ ಕಳೆದ ತಿಂಗಳು ಐಸಿಯುನಲ್ಲಿ ಆರೇಳು ವರ್ಷ ಕೆಲಸ ಮಾಡಿದ್ದ ಇಬ್ಬರು ಒಂದೇ ವಾರದಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಹೊಸಬರು ಬಂದಿದ್ದಾರೆ, ಹಾಜರಿ ಪುಸ್ತಕದಲ್ಲಿ ಯಾರೂ ಕಡಿಮೆಯಾಗಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಆ ಹೊಸಬರಿಗೆ ಏನಾದರೂ ಅನುಮಾನ ಬಂದರೆ ಯಾರನ್ನು ಕೇಳಬೇಕು? ನನ್ನ ನಿದ್ದೆ ಕೆಡಿಸಿರುವುದು ಇದೇ.

ಎಲ್ಲಿ ಓದಿದರೂ "ಹೋದವರು ಹಣ ಕಳಿಸುತ್ತಾರೆ, ದೇಶಕ್ಕೆ ಲಾಭವೇ" ಅನ್ನುತ್ತಾರೆ. ವಿಶ್ವಬ್ಯಾಂಕ್ ಲೆಕ್ಕದಲ್ಲಿ 2023ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೀಗೆ ಬಂದ ಹಣ ಸುಮಾರು 65,000 ಕೋಟಿ ಡಾಲರ್. ಶ್ರೀಮಂತ ದೇಶಗಳು ಕೊಡುವ ನೆರವಿಗಿಂತ ಎಷ್ಟೋ ಜಾಸ್ತಿ. ಸರಿ, ಹಣ ಬಂತು. ಅದರಿಂದ ನಮ್ಮ ಐಸಿಯುಗೆ ಏನು ಬಂತು? ಅಥವಾ ಬಾಂಡ್ ಬರೆಸಿಕೊಂಡು ಎರಡು ಮೂರು ವರ್ಷ ತಡೆಯುವುದೇ ಸರಿನಾ? ತಿಳಿದವರು ಹೇಳಿ.

ದಾರಿಹೋಕ:

ಮೇಡಂ, ಆ ದೊಡ್ಡ ಮೊತ್ತವನ್ನು ಮೊದಲು ಬಿಡಿಸಿ ನೋಡಬೇಕು. ಅದರಲ್ಲಿ ಡಾಕ್ಟರು, ಎಂಜಿನಿಯರುಗಳು ಕಳಿಸಿದ್ದು ಮಾತ್ರ ಇಲ್ಲ. ಕಟ್ಟಡ ಕೆಲಸದವರು, ಡ್ರೈವರುಗಳು, ಮನೆಗೆಲಸದವರು ಹೊಟ್ಟೆಬಟ್ಟೆ ಕಟ್ಟಿ ಕಳಿಸಿದ್ದೂ ಸೇರಿದೆ. ತಜಕಿಸ್ತಾನಕ್ಕೆ 2022ರಲ್ಲಿ ದೇಶದ ಒಟ್ಟು ಉತ್ಪನ್ನದ ಅರ್ಧದಷ್ಟು ಹಣ ಹೊರಗಿನಿಂದ ಬಂತು, ಅದರಲ್ಲಿ ಹೆಚ್ಚಿನದು ರಷ್ಯಾದಲ್ಲಿ ದುಡಿಯುವ ಕೂಲಿಕಾರರದು. ಅವರ ದುಡ್ಡನ್ನು ತೋರಿಸಿ ಡಾಕ್ಟರು ಹೋದ ನಷ್ಟ ತುಂಬಿತು ಅನ್ನುವುದು ತಪ್ಪು ಲೆಕ್ಕ.

ಇನ್ನೊಂದು ಮಾತು. ಹಣ ಬರುವುದು ಮನೆಗೆ. ಅದರಿಂದ ತಂಗಿಯ ಓದು ನಡೆಯುತ್ತದೆ, ಸಾಲ ತೀರುತ್ತದೆ, ಸೋರುವ ಸೂರು ಸರಿಯಾಗುತ್ತದೆ. ಇದು ಸಣ್ಣದಲ್ಲ, ಬಡತನ ಕಡಿಮೆಯಾಗುವುದು ಹೀಗೇ. ಆದರೆ ನರ್ಸ್ ಇಲ್ಲದ ವಾರ್ಡಿಗೆ ಬಂದು ಮಲಗುವವರು ಬೇರೆ ಜನ, ಅವರಲ್ಲಿ ಬಹಳ ಮಂದಿಯ ಮನೆಯಿಂದ ಯಾರೂ ಹೊರದೇಶಕ್ಕೆ ಹೋಗಿರುವುದಿಲ್ಲ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ. ಎರಡನ್ನೂ ಕೂಡಿಸಿ ಕಳೆದು "ದೇಶಕ್ಕೆ ಲಾಭ" ಅಂದರೆ ಆ ಇನ್ನೊಬ್ಬರು ಲೆಕ್ಕದಿಂದಲೇ ಮಾಯವಾಗುತ್ತಾರೆ.

ನೀವು ಹೇಳಿದ "ಇಬ್ಬರು" ಅನ್ನುವ ಸಂಖ್ಯೆ ಓದಿ ನನಗೆ ದಕ್ಷಿಣ ಆಫ್ರಿಕಾದ ಬಾಕ್ಸ್‌ಬರ್ಗ್ ನೆನಪಾಯಿತು. 2000ರಲ್ಲಿ ಅಲ್ಲಿ ಬೆನ್ನುಹುರಿ ಗಾಯಕ್ಕೆ ಚಿಕಿತ್ಸೆ ಕೊಡುತ್ತಿದ್ದ ಕೇಂದ್ರವೊಂದು ಮುಚ್ಚಬೇಕಾಯಿತು. ಅಲ್ಲಿದ್ದ ಇಬ್ಬರು ಅರಿವಳಿಕೆ ಡಾಕ್ಟರನ್ನು ಕೆನಡಾದವರು ಕೆಲಸಕ್ಕೆ ಕರೆದುಕೊಂಡರು, ಅಷ್ಟೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿ ಪ್ರಕಾರ ಜಗತ್ತಿನ ಕಾಯಿಲೆಗಳ ಹೊರೆಯಲ್ಲಿ ಶೇ. 24 ಆಫ್ರಿಕಾ ವಲಯದ ಮೇಲಿತ್ತು, ಆರೋಗ್ಯ ಸಿಬ್ಬಂದಿ ಇದ್ದದ್ದು ಶೇ. 3 ಮಾತ್ರ. ಇಂಥ ಕಡೆ ಒಬ್ಬೊಬ್ಬರು ಹೋದಾಗಲೂ ಏನೋ ಒಂದು ಬಾಗಿಲು ಮುಚ್ಚುತ್ತದೆ.

ನೀಲಿಪೆನ್ನು:

ನಾನು ಹೋದವಳು. ಒಂಬತ್ತು ವರ್ಷ ಆಯಿತು. ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಸಂಬಳಕ್ಕೆ ಹೋಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದೊಂದೇ ಅಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಮೂವತ್ತೆಂಟು ರೋಗಿಗಳನ್ನು ನೋಡಿಕೊಂಡು, ಬೆಳಿಗ್ಗೆ ಗ್ಲೌಸ್ ಜಾಸ್ತಿ ಖರ್ಚು ಮಾಡಿದೆ ಎಂದು ಬೈಸಿಕೊಂಡೆ. ಅರ್ಜಿ ಹಾಕಿದ್ದು ಅವತ್ತು.

ಬಾಂಡ್ ಬಗ್ಗೆ ಕೇಳಿದಿರಿ. ನಾನಿದ್ದ ಆಸ್ಪತ್ರೆಯವರು ಬಾಂಡ್ ಹೆಸರಲ್ಲಿ ನನ್ನ ಒರಿಜಿನಲ್ ಸರ್ಟಿಫಿಕೇಟುಗಳನ್ನು ಇಟ್ಟುಕೊಂಡಿದ್ದರು. ಬಿಡಿಸಿಕೊಳ್ಳಲು ಏಳು ತಿಂಗಳು ಅಲೆದೆ. ಆ ಏಳು ತಿಂಗಳು ನಾನು ಕೆಲಸದಲ್ಲಿ ಇದ್ದೆ, ಮನಸ್ಸು ಇರಲಿಲ್ಲ, ರೋಗಿಗಳಿಗೆ ಅದರಿಂದ ಏನೂ ಒಳ್ಳೆಯದಾಗಲಿಲ್ಲ. ಬಲವಂತಕ್ಕೆ ಉಳಿಸಿಕೊಂಡ ನರ್ಸ್ ಹೊಸಬರಿಗೆ ಏನು ಕಲಿಸುತ್ತಾಳೆ ಹೇಳಿ? ಬೇಗ ಹೊರಟುಹೋಗಿ ಅಂತ ಕಲಿಸುತ್ತಾಳೆ. ಫಿಲಿಪ್ಪೀನ್ಸ್ ಸರ್ಕಾರ 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣಕ್ಕೆ ನರ್ಸುಗಳು ಹೊರದೇಶಕ್ಕೆ ಹೋಗುವುದನ್ನು ನಿಲ್ಲಿಸಿತು, ಆಮೇಲೆ ವರ್ಷಕ್ಕೆ 5,000 ಜನ ಅಂತ ಮಿತಿ ಹಾಕಿತು. ಅಲ್ಲಿನ ನರ್ಸುಗಳು ಇದನ್ನು ವಿರೋಧಿಸಿದರು. ಇಲ್ಲೇ ಇರಬೇಕು ಅಂದರೆ ಇಲ್ಲಿ ಬದುಕುವ ಹಾಗೆ ಮಾಡಿ ಅನ್ನುವುದು ನ್ಯಾಯವೇ ಅಲ್ವಾ?

ಮಲಾವಿ ಬೇರೆ ದಾರಿ ಹಿಡಿಯಿತು. 2004ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿಯ ಸಂಬಳಕ್ಕೆ ಶೇ. 52 ಸೇರಿಸಿತು, ಜೊತೆಗೆ ತರಬೇತಿ ಸೀಟು ಹೆಚ್ಚಿಸಿತು. ಮುಂದಿನ ವರ್ಷಗಳಲ್ಲಿ ನರ್ಸುಗಳು ಹೊರಗೆ ಹೋಗುವುದು ಕಡಿಮೆಯಾಯಿತು, ಸಿಬ್ಬಂದಿ ಹೆಚ್ಚಿದರು. ಆ ದುಡ್ಡಿನಲ್ಲಿ ಹೊರದೇಶದ ನೆರವು ದೊಡ್ಡದಿತ್ತು, ಅದನ್ನೂ ಹೇಳಬೇಕು. ಆದರೂ ಯಾರ ಸರ್ಟಿಫಿಕೇಟನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಬೇಕಾಗಲಿಲ್ಲ.

ಸಂಪಿಗೆ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಹೋಗುವ ಆಸೆಯೇ ಕೆಲವು ಸಲ ಕಲಿಯುವವರನ್ನು ಹೆಚ್ಚಿಸುತ್ತದೆ. ಫಿಜಿಯಲ್ಲಿ 1987ರಲ್ಲಿ ಎರಡು ಸಲ ಸೇನಾ ದಂಗೆ ಆಯಿತು. ಅಲ್ಲಿನ ಭಾರತೀಯ ಮೂಲದವರು ಗುಂಪು ಗುಂಪಾಗಿ ಹೊರಟರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗಬೇಕಾದರೆ ಓದು ಬೇಕು, ಹಾಗಾಗಿ ಮಕ್ಕಳನ್ನು ಮೊದಲಿಗಿಂತ ಜಾಸ್ತಿ ಓದಿಸಿದರು. ಓದಿದವರೆಲ್ಲ ಹೋಗಲಿಲ್ಲ. ಅಷ್ಟು ಜನ ಹೋದ ಮೇಲೂ ದೇಶದಲ್ಲಿ ಉಳಿದ ಓದಿದವರ ಸಂಖ್ಯೆ ಕುಸಿಯಲಿಲ್ಲ ಎಂದು ಅಧ್ಯಯನ ಮಾಡಿದವರು ತೋರಿಸಿದ್ದಾರೆ.

ಹೋದವರು ವಾಪಸ್ ಬಂದಿದ್ದೂ ಇದೆ. ದಕ್ಷಿಣ ಕೊರಿಯಾ ಇನ್ನೂ ಬಡ ದೇಶವಾಗಿದ್ದಾಗಲೇ, 1966ರಲ್ಲಿ, ಕೆಐಎಸ್‌ಟಿ ಎಂಬ ಸಂಶೋಧನಾ ಸಂಸ್ಥೆ ಕಟ್ಟಿ ಅಮೆರಿಕದಲ್ಲಿದ್ದ ತನ್ನ ವಿಜ್ಞಾನಿಗಳನ್ನು ಒಳ್ಳೆಯ ಸಂಬಳ, ಮನೆ, ಲ್ಯಾಬ್ ಕೊಟ್ಟು ಕರೆಸಿಕೊಂಡಿತು. ತೈವಾನ್ 1980ರಲ್ಲಿ ಹೈಟೆಕ್ ಕಂಪನಿಗಳಿಗಾಗಿ ಸಿಂಚು ವಿಜ್ಞಾನ ಪಾರ್ಕ್ ಶುರು ಮಾಡಿತು. ಅಮೆರಿಕದಲ್ಲಿ ದಶಕಗಳ ಕಾಲ ಚಿಪ್ ಉದ್ಯಮದಲ್ಲಿ ದುಡಿದ ಮಾರಿಸ್ ಚಾಂಗ್ ತೈವಾನಿಗೆ ಬಂದು 1987ರಲ್ಲಿ ಟಿಎಸ್‌ಎಂಸಿ ಎಂಬ ಚಿಪ್ ತಯಾರಿಸುವ ಕಂಪನಿ ಕಟ್ಟಿದರು. ಅವರು ಹೊರಗೆ ಕಲಿತದ್ದು ಇಲ್ಲದೆ ಅದು ಆಗುತ್ತಿತ್ತಾ?

ದಾರಿಹೋಕ:

ಸಂಪಿಗೆ ಅವರೇ, ಕೊರಿಯಾ, ತೈವಾನ್ ಉದಾಹರಣೆ ನಿಜ, ಆದರೆ ಎಲ್ಲರಿಗೂ ಹೊಂದುವುದಿಲ್ಲ. ಗಯಾನಾ, ಜಮೈಕಾದಂಥ ಚಿಕ್ಕ ದೇಶಗಳಲ್ಲಿ 2000ದ ಹೊತ್ತಿಗೆ ಕಾಲೇಜು ಓದಿದವರಲ್ಲಿ ಶೇ. 80ಕ್ಕಿಂತ ಜಾಸ್ತಿ ಜನ ಹೊರಗಿದ್ದರು. ಅಷ್ಟು ಜನ ಹೋದರೆ ಶಾಲೆ ನಡೆಸುವವರು ಯಾರು, ವಾಪಸ್ ಕರೆಸಿಕೊಳ್ಳುವ ಸಂಸ್ಥೆ ಕಟ್ಟುವವರು ಯಾರು? ಚಿಪ್ ಎಂಜಿನಿಯರ್ ಇಪ್ಪತ್ತು ವರ್ಷ ಆದಮೇಲೆ ಬಂದರೂ ಕಾರ್ಖಾನೆ ಕಟ್ಟಬಹುದು. ಇವತ್ತು ರಾತ್ರಿ ಹೆರಿಗೆಗೆ ಬಂದವಳು ಇಪ್ಪತ್ತು ವರ್ಷ ಕಾಯುವುದಕ್ಕೆ ಆಗಲ್ಲ.

ನನಗೆ ಮುಖ್ಯ ಅನ್ನಿಸುವುದು ಖರ್ಚು ಯಾರದು ಅನ್ನುವ ಪ್ರಶ್ನೆ. ಒಬ್ಬ ನರ್ಸನ್ನು ತಯಾರು ಮಾಡಲು ಬಡ ದೇಶ ವರ್ಷಗಟ್ಟಲೆ ದುಡ್ಡು ಹಾಕುತ್ತದೆ, ಶ್ರೀಮಂತ ದೇಶಕ್ಕೆ ಆಕೆ ಸಿದ್ಧವಾಗಿ ಸಿಗುತ್ತಾಳೆ. ಇದು ಬಡವರು ಸಾಹುಕಾರರಿಗೆ ಕೊಡುತ್ತಿರುವ ಸಹಾಯಧನ. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲೇ ಹೊರಗೆ ಹೋದ ಕಲಿತವರ ಆದಾಯದ ಮೇಲೆ ತೆರಿಗೆ ಹಾಕಿ ಅದನ್ನು ಹಿಂದುಳಿದ ದೇಶಗಳಿಗೆ ಕೊಡಬೇಕು ಎಂದಿದ್ದರು. ಅದು ಜಾರಿಗೆ ಬರಲಿಲ್ಲ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇಮಕಾತಿಗೆ ನೀತಿ ಸಂಹಿತೆ ತಂದಿತು, 2023ರಲ್ಲಿ 55 ದೇಶಗಳ ಪಟ್ಟಿ ಮಾಡಿ ಅಲ್ಲಿಂದ ಸಿಬ್ಬಂದಿಯನ್ನು ಮುಗಿಬಿದ್ದು ಕರೆದುಕೊಂಡು ಹೋಗಬೇಡಿ ಎಂದಿತು. ಒಳ್ಳೆಯದೇ, ಆದರೆ ಪಾಲಿಸದವರಿಗೆ ಶಿಕ್ಷೆ ಇಲ್ಲ.

ಕೆಲಸಕ್ಕೆ ಬರುವಂಥದ್ದು ಇದು: ಸಿಬ್ಬಂದಿ ಬೇಕಾದ ದೇಶವೇ ಮೊದಲು ಬಂದು ಕಾಲೇಜಿಗೆ ದುಡ್ಡು ಹಾಕಲಿ. ಹೋಗುವವರಿಗೂ ಉಳಿಯುವವರಿಗೂ ಒಟ್ಟಿಗೆ ತರಬೇತಿ ಆಗಲಿ. ಬೆಲ್ಜಿಯಂ 2019ರಲ್ಲಿ ಮೊರಾಕೊದಲ್ಲಿ ಕಂಪ್ಯೂಟರ್ ಕೆಲಸದವರಿಗೆ ಇಂಥದ್ದೊಂದು ಸಣ್ಣ ಯೋಜನೆ ಮಾಡಿತು, ಕೆಲವರು ಬೆಲ್ಜಿಯಂಗೆ ಹೋಗುವ, ಉಳಿದವರು ಅಲ್ಲೇ ಕೆಲಸ ಹುಡುಕುವ ಲೆಕ್ಕದಲ್ಲಿ. ನರ್ಸುಗಳಿಗೆ ಇದು ಇನ್ನೂ ಜಾಸ್ತಿ ಬೇಕು.

ಬೆಳಕಿಂಡಿ:

ಎಲ್ಲರಿಗೂ ಧನ್ಯವಾದ. ನೀಲಿಪೆನ್ನು ಅವರೇ, ನಿಮ್ಮ ಸರ್ಟಿಫಿಕೇಟ್ ವಿಷಯ ಓದಿ ಬಾಂಡ್ ಆಲೋಚನೆ ಬಿಟ್ಟೆ. ಮುಂದಿನ ವಾರ ನೇಮಕಾತಿ ಏಜೆನ್ಸಿಯವರು ಕಾಲೇಜಿಗೆ ಬರುತ್ತಾರೆ. "ನೀವು ಕರೆದುಕೊಂಡು ಹೋಗುವ ಒಬ್ಬೊಬ್ಬರಿಗೂ ಇಲ್ಲಿ ಓದುವ ಒಬ್ಬರ ಫೀಸು ಕಟ್ಟಿ" ಎಂದು ಅವರನ್ನು ಕೇಳುವುದಾಗಿ ಪ್ರಿನ್ಸಿಪಾಲರಿಗೆ ಹೇಳಿದ್ದೇನೆ. ಕೊಡಲ್ಲ ಅನ್ನಬಹುದು. ಕೇಳುವುದಂತೂ ಕೇಳುತ್ತೇನೆ.

ನಿಮ್ಮ ಹತ್ತಿರವೂ ಒಂದು ಕೇಳಲಾ? ರಜೆಗೆ ಬಂದಾಗ ಎರಡು ದಿನ ನಮ್ಮ ಹೊಸ ಮಕ್ಕಳಿಗೆ ವೆಂಟಿಲೇಟರ್ ಪಾಠ ಹೇಳಿಕೊಡುತ್ತೀರಾ?

ನೀಲಿಪೆನ್ನು:

ಬರುತ್ತೇನೆ ಮೇಡಂ. ಎರಡು ದಿನ ಸಾಲದು, ಒಂದು ವಾರ ಇಟ್ಟುಕೊಳ್ಳಿ. ಅಲ್ಲಿಯವರೆಗೆ ರಾತ್ರಿ ಅನುಮಾನ ಬಂದರೆ ಕೇಳಲಿ, ನನ್ನ ನಂಬರ್ ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ. ನಿಮಗೆ ಎರಡು ಗಂಟೆ ಆದಾಗ ನನಗೆ ಇನ್ನೂ ಸಂಜೆ, ಎದ್ದೇ ಇರುತ್ತೇನೆ.