ಎಳೇ ಕೂಸಿಗೆ ಪೊವಿಡೋನ್: ಥೈರಾಯ್ಡ್‌ಗೆ ತೊಂದರೆ ಆಗತೈತೇನ್ರಿ?

ಸ್ಟಾಫ್ ನರ್ಸ್, ವಿಜಯಪುರ: ತಿಂಗಳು ತುಂಬೂ ಮೊದಲ ಹುಟ್ಟಿದ ಕೂಸಿಗೆ ಹೊಟ್ಟಿ ಆಪರೇಷನ್ ಆಗೇತ್ರಿ. ದಿನಾ ಡ್ರೆಸಿಂಗ್‌ಗೆ 10% ಪೊವಿಡೋನ್ (ಅಯೋಡಿನ್ ಇರೂ ಕ್ರಿಮಿನಾಶಕ ದ್ರಾವಣ) ಹಚ್ಚಾಕತ್ತೀವಿ. ತೊಗಲಿನಿಂದ ಅಯೋಡಿನ್ ಒಳಗ ಹೋಗತೈತೇನ್ರಿ?

ಮಕ್ಕಳ ಡಾಕ್ಟರ್, ಬೆಳಗಾವಿ: ಹೋಗತೈತ್ರಿ ಸಿಸ್ಟರ್, ದೊಡ್ಡವರಿಗಿಂತ ಭಾಳ ಹೆಚ್ಚು. ಇಂಥ ಕೂಸಿನ ತೊಗಲು ತೆಳು, ತೂಕಕ್ಕ ಹೋಲಿಸಿದ್ರ ಮೈ ವಿಸ್ತಾರ ದೊಡ್ಡದು. 1 ಮಿ.ಲೀ.ನಾಗ ಸುಮಾರು 10 ಮಿ.ಗ್ರಾಂ ಅಯೋಡಿನ್ ಇರತೈತಿ. ಕೂಸಿಗೆ ದಿನಕ್ಕ ಬೇಕಾಗೂದು ಮೈಕ್ರೊಗ್ರಾಂ ಲೆಕ್ಕದಾಗ, ಭಾಳ ಕಡಿಮಿ. ಅಯೋಡಿನ್ ಮಿತಿಮೀರಿದ್ರ ಥೈರಾಯ್ಡ್ ಹಾರ್ಮೋನ್ ಮಾಡೂದ ನಿಲ್ಲಸತೈತಿ. ದೊಡ್ಡವರ ಗ್ರಂಥಿ ಕೆಲವು ದಿನದಾಗ ಸುಧಾರಿಸತೈತಿ, ಎಳೇ ಕೂಸಿಂದು ಅಷ್ಟು ಸಲೀಸಲ್ಲ. ಹುಟ್ಟಿದಾಗಿನ ಟಿಎಸ್‌ಎಚ್ (ಥೈರಾಯ್ಡ್ ನೋಡೂ ರಕ್ತಪರೀಕ್ಷೆ) ನಾರ್ಮಲ್ ಇತ್ತಂತ ಬಿಡಬ್ಯಾಡ್ರಿ, ಈಗ ಫ್ರೀ ಟಿ4 (ರಕ್ತದಾಗಿನ ಥೈರಾಯ್ಡ್ ಹಾರ್ಮೋನ್) ಕೂಡ ಸೇರಿಸಿ ಮತ್ತ ಮಾಡಸ್ರಿ. ಮೆದುಳು ಬೆಳೆಯಾಕ ಇದೇ ಹಾರ್ಮೋನ್ ಬೇಕು.

ಓಟಿ ಸಿಸ್ಟರ್, ಬಾಗಲಕೋಟೆ: ಹಚ್ಚಲೇಬೇಕಾದ್ರ ಬೇಕಾದಷ್ಟ ಜಾಗಕ್ಕ, ತೆಳ್ಳಗ. ಸುಮಾರು 2 ನಿಮಿಷ ಒಣಗಲಿ, ಕೆಲಸ ಮುಗಿದ ಕೂಡಲೇ ಸ್ಟರೈಲ್ ಸಲೈನ್‌ಲೆ ಒರಸ್ರಿ. ಬೆನ್ನ ಕೆಳಗ, ಡೈಪರ್ ಒಳಗ ಹರಿದು ನಿಂತ್ರ ಇನ್ನೂ ಹೆಚ್ಚು ಹೀರತೈತಿ, ತೊಗಲೂ ಸುಡತೈತಿ. ದಿನದ ಡ್ರೆಸಿಂಗ್‌ಗೆ ಬರೇ ಸಲೈನ್ ಸಾಕೇನು ಅಂತ ಸರ್ಜನ್‌ರನ್ನ ಕೇಳ್ರಿ.

ಸ್ಟಾಫ್ ನರ್ಸ್: ಪೊವಿಡೋನ್ ಬದಲಿ ಕ್ಲೋರ್‌ಹೆಕ್ಸಿಡಿನ್ (ಅಯೋಡಿನ್ ಇಲ್ಲದ ಕ್ರಿಮಿನಾಶಕ) ನಡೀತೈತೇನ್ರಿ?

ಮಕ್ಕಳ ಡಾಕ್ಟರ್: ಥೈರಾಯ್ಡ್ ಮಟ್ಟಿಗೆ ಚಲೋ. ಆದ್ರ ಸ್ಪಿರಿಟ್ ಬೆರೆತದ್ದು ಇಂಥ ತೊಗಲು ಸುಡತೈತಿ; ಕಣ್ಣು, ಕಿವಿ ಹತ್ರ ಬ್ಯಾಡ. ತಾಯಿ ಸಿಸೇರಿಯನ್ ಗಾಯಕ್ಕ ಪೊವಿಡೋನ್ ಹಚ್ಚಾಕತ್ತಿದ್ರ ಅದನ್ನೂ ಕೇಳಿ ಬರಕೋರಿ, ಎದೆಹಾಲಿನಾಗೂ ಅಯೋಡಿನ್ ಇಳೀತೈತಿ.