ಎತ್ತಿನ ಗೊರಸಿನಲ್ಲಿ ತಂಬಿಗೆ ನಿಲ್ಲುತ್ತಿಲ್ಲ, ಕೋಳಿ ರೆಕ್ಕೆಗೆ ರೊಟ್ಟಿ ಬಡಿಯಲು ಬರುತ್ತಿಲ್ಲ: ಬ್ಲೆಂಡರ್ ರಿಗ್ ಸಹಾಯ ಬೇಕು

ಜೋಳದತೆನೆ (ಜಮಖಂಡಿ)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೋಸ್ಕರ ಮೂರು ನಿಮಿಷದ ಒಂದು ಕಾರ್ಟೂನ್ ಮಾಡುತ್ತಿದ್ದೇನೆ. ಬ್ಲೆಂಡರ್ 3.6 (ಕಂಪ್ಯೂಟರಿನಲ್ಲಿ 3ಡಿ ಕಾರ್ಟೂನ್ ಮಾಡುವ ತಂತ್ರಾಂಶ) ಬಳಸುತ್ತೇನೆ. ಪಾತ್ರವನ್ನು ಆಡಿಸಲು ಅದರೊಳಗೆ ಹಾಕುವ ಎಲುಬುಗೂಡೇ ರಿಗ್. ಪಾತ್ರಗಳು ಮೂರೇ. ಒಂದು ಖಿಲಾರಿ ಎತ್ತು, ಒಂದು ಮುಧೋಳ ನಾಯಿ, ಒಂದು ಜವಾರಿ ಕೋಳಿ. ಹೊಲದ ಬದುವಿನ ಬೇವಿನ ಮರದ ಕೆಳಗೆ ಮೂವರೂ ಸೇರಿ ಊಟ ಮಾಡುತ್ತಾರೆ. ಕೋಳಿ ಜೋಳದ ರೊಟ್ಟಿ ಬಡಿಯುತ್ತದೆ. ನಾಯಿ ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತದೆ. ಎತ್ತು ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು ಕುಡಿಯುತ್ತದೆ. ಕಥೆ ಇಷ್ಟೇ.

ಎತ್ತನ್ನು ಹಿಂಗಾಲ ಮೇಲೆ ನಿಲ್ಲಿಸಿದ್ದೇನೆ. ಮುಂಗಾಲುಗಳೇ ಕೈ. ತಂಬಿಗೆಯನ್ನು ಬಾಯಿಯ ಹತ್ತಿರ ತಂದರೆ ಗೊರಸು ಬಾಯಿ ದಾಟಿ ಕೊಂಬಿನ ಹತ್ತಿರ ಹೋಗುತ್ತದೆ. ತಂಬಿಗೆ ಅಷ್ಟರಲ್ಲೇ ಪೂರಾ ವಾಲಿರುತ್ತದೆ. ನಿಜವಾದ ನೀರಾಗಿದ್ದರೆ ಎದೆ ಮೇಲೆ ಚೆಲ್ಲುತ್ತಿತ್ತು. ಬೇಸತ್ತು ಗೊರಸು ತೆಗೆದು ನಾಲ್ಕು ಬೆರಳಿನ ಬಿಳಿ ಕೈಗವಸು ಹಾಕಿ ನೋಡಿದೆ. ಕೆಲಸವೇನೋ ಸಲೀಸಾಯಿತು. ಆದರೆ ಅಕ್ಕನ ಮಗಳು ನೋಡಿ, "ಮಾಮಾ, ಇದು ಎತ್ತಲ್ಲ, ಎತ್ತಿನ ವೇಷ ಹಾಕಿದ ಮನುಷ್ಯ" ಎಂದಳು. ಅವಳು ಹೇಳಿದ್ದು ಸರಿ ಅನಿಸಿತು. ಗೊರಸು ವಾಪಸ್ ಹಾಕಿದ್ದೇನೆ.

ಕೋಳಿಯದು ಇನ್ನೊಂದು ಕಷ್ಟ. ರೆಕ್ಕೆಯ ತುದಿಯ ಗರಿಗಳನ್ನು ಬೆರಳಿನ ಹಾಗೆ ಮಡಿಸಿದರೆ ಬಾಳೆಹಣ್ಣಿನ ಗೊನೆಯಂತೆ ಕಾಣುತ್ತದೆ.

ಒಂದು ತಿಂಗಳಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ದಾರಿ ಹೇಳಿ.

ಘಟಪ್ರಭೆ (ಗೋಕಾಕ)

ಎತ್ತಿನ ಮುಂಗಾಲಿನಲ್ಲಿ ಎಷ್ಟು ಬೋನ್ (ರಿಗ್ಗಿನ ಎಲುಬು) ಹಾಕಿದ್ದೀರಿ? ಯಾವ ಜಾಗದಲ್ಲಿ ಮಡಚುತ್ತದೆ? ಅದನ್ನು ಮೊದಲು ಹೇಳಿ.

ಜೋಳದತೆನೆ

ಎರಡು ಬೋನ್. ಹೆಗಲಿಂದ ಮಂಡಿವರೆಗೆ ಒಂದು, ಮಂಡಿಯಿಂದ ಗೊರಸಿನವರೆಗೆ ಒಂದು. ಮಂಡಿಯನ್ನೇ ಮೊಣಕೈ ಅಂತ ಇಟ್ಟುಕೊಂಡಿದ್ದೇನೆ. ಐಕೆ (ತುದಿಯನ್ನು ಎಳೆದರೆ ಮೇಲಿನ ಬೋನುಗಳು ತಾವಾಗಿಯೇ ಮಡಚುವ ವ್ಯವಸ್ಥೆ) ಗೊರಸಿನ ತುದಿಯಲ್ಲಿದೆ.

ಘಟಪ್ರಭೆ

ನಿಮ್ಮ ತೊಂದರೆ ಇಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಾನೂ ಇದೇ ತಪ್ಪು ಮಾಡಿ ಒಂದು ಇಡೀ ಕುದುರೆಯನ್ನು ಅಳಿಸಿ ಮತ್ತೆ ಕಟ್ಟಿದ್ದೇನೆ.

ಎತ್ತಿನ ಮುಂಗಾಲಿನ ಮಂಡಿ ಅಂತ ನಾವು ಕರೆಯುವುದು ಮಂಡಿಯೂ ಅಲ್ಲ, ಮೊಣಕೈಯೂ ಅಲ್ಲ. ಅದು ಮಣಿಕಟ್ಟು. ನಿಜವಾದ ಮೊಣಕೈ ಮೇಲೆ, ಎದೆಯ ಪಕ್ಕಕ್ಕೆ ಒತ್ತಿಕೊಂಡಿದೆ. ತೋಳಿನ ಮೂಳೆ ಚರ್ಮದ ಒಳಗೇ ಮುಚ್ಚಿಹೋಗಿರುವುದರಿಂದ ನಮಗೆ ಕಾಣುವುದಿಲ್ಲ. ಮಂಡಿಯ ಕೆಳಗಿನ ಉದ್ದನೆಯ ಮೂಳೆ ಇದೆಯಲ್ಲ, ಅದು ಅಂಗೈ. ಅಂಗೈಯ ಎರಡು ಮೂಳೆಗಳು ಕೂಡಿ ಒಂದೇ ಆಗಿವೆ. ಅದರ ಕೆಳಗಿನ ಗಂಟು ನಮ್ಮ ಬೆರಳಿನ ಬುಡದ ಗೆಣ್ಣು. ಗೊರಸು ಉಗುರು. ನಮ್ಮ ಉಗುರು, ಅದರ ಗೊರಸು ಎರಡೂ ಒಂದೇ ವಸ್ತುವಿನಿಂದ ಆದದ್ದು. ಸೀಳು ಗೊರಸಿನ ಎರಡು ಭಾಗ ಅಂದರೆ ನಡುಬೆರಳು ಮತ್ತು ಉಂಗುರದ ಬೆರಳು.

ಈಗಲೇ ಮಾಡಿ ನೋಡಿ. ಮೇಜಿನ ಮೇಲೆ ನಡುಬೆರಳು, ಉಂಗುರದ ಬೆರಳು ಎರಡರ ತುದಿ ಮಾತ್ರ ಊರಿ. ಉಳಿದ ಬೆರಳು ಮೇಲೆತ್ತಿ. ಅಂಗೈಯನ್ನು ನೆಟ್ಟಗೆ ನಿಲ್ಲಿಸಿ. ಅದೇ ಎತ್ತಿನ ಮುಂಗಾಲು. ನಮ್ಮ ಮನೆಯಲ್ಲಿ ಎತ್ತು ಇವೆ. ದಿನಾ ನೋಡುತ್ತಿದ್ದರೂ ಇದು ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಕೊಟ್ಟಿಗೆಗೆ ಹೋಗಿ ಅರ್ಧ ಗಂಟೆ ಸುಮ್ನೆ ಕಾಲನ್ನೇ ನೋಡುತ್ತಾ ಕೂತಿದ್ದೆ.

ನೀವು ಎರಡೇ ಬೋನ್ ಹಾಕಿದ್ದರಿಂದ ಎತ್ತಿಗೆ ಮೊಣಕೈ ಇಲ್ಲದಂತಾಗಿದೆ. ಮಣಿಕಟ್ಟು ಮೊಣಕೈಯ ಕೆಲಸ ಮಾಡುತ್ತಿದೆ. ಹಾಗಾಗಿ ಮಣಿಕಟ್ಟಿನ ಕೆಲಸ ಮಾಡಲು ಯಾರೂ ಉಳಿದಿಲ್ಲ. ತಂಬಿಗೆ ವಾಲುವುದು ಅದಕ್ಕೇ. ನಾವು ನೀರು ಕುಡಿಯುವಾಗ ಮೊಣಕೈ ಲೋಟವನ್ನು ಬಾಯಿಗೆ ತರುತ್ತದೆ. ವಾಲಿಸುವುದು ಮಣಿಕಟ್ಟು. ಅದೂ ಕೊನೆಗೆ, ತುಟಿಗೆ ತಾಗಿದ ಮೇಲೆ.

ಹೀಗೆ ಮಾಡಿ. ನಾಲ್ಕು ಬೋನ್ ಹಾಕಿ: ತೋಳು, ಮುಂಗೈ, ಅಂಗೈ, ಗೊರಸು. ಅಂಗೈ ಬೋನನ್ನು ನಿಜವಾದ ಎತ್ತಿನಷ್ಟು ಉದ್ದ ಇಡಬೇಡಿ, ಮುಂಗೈಯ ಅರ್ಧಕ್ಕಿಂತ ಕಡಿಮೆ ಮಾಡಿ. ತೋಳನ್ನು ಎದೆಯಿಂದ ಹೊರಗೆ ತೆಗೆದು ಉದ್ದ ಮಾಡಿ. ಎತ್ತಿಗೆ ಕೊರಳೆಲುಬು (ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಮೂಳೆ) ಇಲ್ಲ. ಅದರ ಕಾಲು ಹಿಂದೆ ಮುಂದೆ ಆಡುತ್ತದೆಯೇ ಹೊರತು ನಮ್ಮ ಕೈಯಂತೆ ಪಕ್ಕಕ್ಕೆ ಚಾಚುವುದಿಲ್ಲ. ಅದಕ್ಕೇ ನಿಮ್ಮ ಎತ್ತಿಗೆ ಚಿಕ್ಕದೊಂದು ಹೆಗಲ ಬೋನ್ ಬೇರೆ ಕೊಡಿ. ಇಲ್ಲದಿದ್ದರೆ ಪಕ್ಕದಲ್ಲಿರುವ ನಾಯಿಗೆ ತಂಬಿಗೆ ಕೊಡಲು ಇಡೀ ಮೈ ತಿರುಗಿಸಬೇಕಾಗುತ್ತದೆ.

ಐಕೆಯನ್ನು ಗೊರಸಿನಿಂದ ತೆಗೆದು ಮುಂಗೈ ಬೋನ್‌ಗೆ ಹಾಕಿ. ಚೈನ್ ಲೆಂತ್ 2 ಇಡಿ, ಅಂದರೆ ತೋಳು, ಮುಂಗೈ ಎರಡಕ್ಕೆ ಮಾತ್ರ ಐಕೆ. ಪೋಲ್ ಟಾರ್ಗೆಟ್ (ಮಡಚುವ ದಿಕ್ಕು ತೋರಿಸುವ ಗುರುತು) ಮೊಣಕೈಯ ಹಿಂದೆ ಇರಲಿ. ಆಡಿಸುವ ಮೊದಲಿನ ರೆಸ್ಟ್ ಪೋಸ್‌ನಲ್ಲಿ ಮೊಣಕೈ ಸ್ವಲ್ಪ ಬಾಗಿರಬೇಕು. ನೆಟ್ಟಗಿದ್ದರೆ ಯಾವ ಕಡೆ ಮಡಚಬೇಕು ಅಂತ ಅದಕ್ಕೆ ತಿಳಿಯದೆ ಹಿಂದುಮುಂದಾಗುತ್ತದೆ. ಅಂಗೈ ಬೋನ್ ತಿರುಗುವುದು ನೀವು ಹಿಡಿದು ಆಡಿಸುವ ಕಂಟ್ರೋಲ್ ಬೋನ್‌ನಿಂದ ಬರಲಿ, ಕಾಪಿ ರೊಟೇಶನ್ (ಇನ್ನೊಂದು ಬೋನ್ ತಿರುಗಿದಂತೆ ತಿರುಗುವುದು) ಸಾಕು. ಆಗ ತೋಳು ಎಲ್ಲಿಗೆ ಹೋದರೂ ತಂಬಿಗೆ ನೆಟ್ಟಗೆ ನಿಲ್ಲುತ್ತದೆ.

ಇನ್ನು ಹಿಡಿತ. ಗೊರಸಿನ ಹಿಂಭಾಗ, ಸ್ವಲ್ಪ ಮೇಲೆ ಎರಡು ಪುಟ್ಟ ಗೊರಸು ಇರುತ್ತವೆ, ನೋಡಿದ್ದೀರಾ? ಅವು ತೋರುಬೆರಳು ಮತ್ತು ಕಿರುಬೆರಳು. ಕಾಲಿನ ಹಿಂಭಾಗವೇ ಅಂಗೈ ಕಡೆ. ಹಾಗಾಗಿ ತಂಬಿಗೆಯನ್ನು ಕಾಲಿನ ಹಿಂಭಾಗಕ್ಕೆ ಒರಗಿಸಿ. ತಂಬಿಗೆಯ ಕಂಠ ಆ ಎರಡು ಪುಟ್ಟ ಗೊರಸಿನ ಮೇಲೆ ಕೂರಲಿ. ಇನ್ನೊಂದು ಗೊರಸು ಎದುರಿನಿಂದ ಒತ್ತಲಿ. ಒಂದೇ ಒಂದು ಬೆರಳು ಸೇರಿಸದೆ ಹಿಡಿತ ಸಿಗುತ್ತದೆ. ಇದನ್ನು ಯಾರೂ ಮಾಡಿದ್ದು ನಾನು ಕಂಡಿಲ್ಲ, ನಿಮ್ಮ ಎತ್ತು ಮಾಡಿದರೆ ನನಗೆ ತುಂಬಾ ಖುಷಿ.

ಕೆಂಪುಕಲ್ಲು (ಬಾದಾಮಿ)

ಇಷ್ಟೆಲ್ಲ ಯಾಕೆ ಅಂತ ನನಗೆ ಅನಿಸುತ್ತದೆ. ನಮ್ಮ ಬಾದಾಮಿಯ 3ನೇ ಗುಹೆಗೆ ಬನ್ನಿ. 578ರ ಶಾಸನ ಇರುವ ಗುಹೆ ಅದು. ವರಾಹನೂ ಇದ್ದಾನೆ, ನರಸಿಂಹನೂ ಇದ್ದಾನೆ. ಮುಖ ಪ್ರಾಣಿಯದು, ಕೈ ಮನುಷ್ಯನದು. ನೋಡುವವರಿಗೆ ಒಂದು ಕ್ಷಣವೂ ವಿಚಿತ್ರ ಅನಿಸುವುದಿಲ್ಲ. ಗರುಡನಿಗಂತೂ ರೆಕ್ಕೆ ಬೆನ್ನಿಗೆ, ಕೈ ಬೇರೆ. ಎತ್ತಿಗೂ ಕೈ ಕೊಟ್ಟುಬಿಡಿ. ಕೆಲಸ ಮುಗಿಯುತ್ತದೆ.

ಘಟಪ್ರಭೆ

ನೀವು ಹೇಳಿದ್ದು ಒಪ್ಪುತ್ತೇನೆ, ಆದರೆ ಈ ಕಥೆಗೆ ಅಲ್ಲ. ಅಲ್ಲಿ ಕುತ್ತಿಗೆಯಿಂದ ಕೆಳಗೆ ಇಡೀ ದೇಹವೇ ಮನುಷ್ಯನದು. ತೋಳು, ಎದೆ, ಸೊಂಟ ಎಲ್ಲ ಒಂದಕ್ಕೊಂದು ಹೊಂದಿವೆ. ಅದಕ್ಕೇ ಕಣ್ಣಿಗೆ ಸರಿ ಕಾಣುತ್ತದೆ. ಇವರ ಎತ್ತಿಗೆ ಎತ್ತಿನದೇ ಎದೆ, ಎತ್ತಿನದೇ ಹಿಣಿಲು. ಅದಕ್ಕೆ ಮನುಷ್ಯನ ಕೈ ಅಂಟಿಸಿದರೆ ಆ ಮಗು ಹೇಳಿದ ಹಾಗೇ ಆಗುತ್ತದೆ.

ಕೈಗವಸಿನ ವಿಷಯವೂ ಹಾಗೇ. ಮಿಕ್ಕಿ ಮೌಸ್ 1928ರಲ್ಲಿ ಬಂದಾಗ ಗವಸು ಇರಲಿಲ್ಲ, 1929ರಲ್ಲಿ ಹಾಕಿದರು. ಕಪ್ಪು ಬಿಳುಪು ಚಿತ್ರ, ಕಪ್ಪು ಮೈ. ಅದರ ಮುಂದೆ ಕಪ್ಪು ಕೈ ಬಂದರೆ ಕಾಣುವುದೇ ಇಲ್ಲ. ಬಿಳಿ ಗವಸು ಆ ತೊಂದರೆಗೆ ಮದ್ದು. ನಿಮ್ಮ ಎತ್ತಿಗೆ ಬಿಳಿ ಮೈ, ಕರಿ ಗೊರಸು. ಎದೆಯ ಮುಂದೆ ಗೊರಸು ಬಂದರೆ ತಾನಾಗಿಯೇ ಎದ್ದು ಕಾಣುತ್ತದೆ. ಗವಸು ಯಾಕೆ? ಆದರೆ ಕರಿ ಹಂಚಿನ ಮುಂದೆ ಮಾತ್ರ ಗೊರಸು ತರಬೇಡಿ.

ಕೆಂಪುಕಲ್ಲು

ಹೊಂದಿಕೆಯ ಮಾತು ಸರಿ. ಮುಂದಿನ ಸಲ ಗುಹೆಗೆ ಹೋದಾಗ ವರಾಹನ ಹೆಗಲನ್ನೇ ನೋಡುತ್ತೇನೆ. ನಾನು ಇದುವರೆಗೆ ಮುಖವನ್ನಷ್ಟೇ ನೋಡಿದ್ದೆ.

ಜೋಳದತೆನೆ

ನಾಲ್ಕು ದಿನ ಕೂತು ರಿಗ್ ಮತ್ತೆ ಕಟ್ಟಿದೆ. ಘಟಪ್ರಭೆಯವರೇ, ಏನು ಹೇಳಲಿ! ಎತ್ತು ಈಗ ತಂಬಿಗೆಯನ್ನು ನೆಟ್ಟಗೆ ತರುತ್ತದೆ, ತುಟಿಗೆ ತಾಗಿಸಿ ಆಮೇಲೆ ವಾಲಿಸುತ್ತದೆ. ಪುಟ್ಟ ಗೊರಸಿನ ಮೇಲೆ ಕಂಠ ಕೂರಿಸಿದ್ದು ಅದ್ಭುತವಾಗಿ ಬಂದಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಮಣ್ಣಿನ ಎತ್ತಿನ ಕಾಲು ಬರೀ ಮೊಂಡು ತುಂಡು. ಚಿಕ್ಕಂದಿನಿಂದ ನನ್ನ ಕೈಗೆ ಆ ಎತ್ತೇ ಅಭ್ಯಾಸವಾಗಿತ್ತು, ಮಾಡೆಲ್ ಮಾಡುವಾಗಲೂ ಅದೇ ಬಂದಿತ್ತು ಅಂತ ಈಗ ಅರ್ಥವಾಯಿತು.

ಹೊಸ ತೊಂದರೆ ಒಂದಿದೆ. ತಂಬಿಗೆ ಗೊರಸಿನ ಹಿಂದೆಯೇ ಹೋಗಲಿ ಅಂತ ಅದಕ್ಕೆ ಚೈಲ್ಡ್ ಆಫ್ ಕನ್‌ಸ್ಟ್ರೇಂಟ್ ಹಾಕಿದ್ದೇನೆ. ಗೊರಸು ಮುಟ್ಟುವ ಫ್ರೇಮ್‌ನಲ್ಲಿ ತಂಬಿಗೆ ಎಲ್ಲಿಗೋ ಹಾರಿಹೋಗುತ್ತದೆ. ಅದಕ್ಕೂ ಮೊದಲು ಸ್ವಲ್ಪ ಹೊತ್ತು ನೆಲದ ಮೇಲೆ ಜಾರುತ್ತದೆ. ಕೋಳಿ ಇನ್ನೂ ಹಾಗೇ ಇದೆ.

ಬೂದಿಗುಬ್ಬಿ (ವಿಜಯಪುರ)

ಇದು ನಾನು ಹೇಳಬಲ್ಲೆ.

ಜಾರುವುದು ಇನ್‌ಫ್ಲುಯೆನ್ಸ್ (ಚೈಲ್ಡ್ ಆಫ್ ಎಷ್ಟು ಕೆಲಸ ಮಾಡಬೇಕು ಎಂಬ ಅಳತೆ) 0ಯಿಂದ 1ಕ್ಕೆ ನಿಧಾನಕ್ಕೆ ಏರುತ್ತಿರುವುದರಿಂದ. ಆ ಅಳತೆಯನ್ನು ಹಿಡಿದಿಡುವ ಕೀಫ್ರೇಮ್‌ಗಳನ್ನು ಕಾನ್‌ಸ್ಟಂಟ್ ಇಂಟರ್ಪೊಲೇಶನ್‌ಗೆ ಬದಲಿಸಿ. ಮುಟ್ಟುವ ಹಿಂದಿನ ಫ್ರೇಮ್‌ನಲ್ಲಿ 0, ಮುಟ್ಟುವ ಫ್ರೇಮ್‌ನಲ್ಲಿ 1. ನಡುವೆ ಏನೂ ಬೇಡ. ಆಮೇಲೆ ಮುಟ್ಟುವ ಫ್ರೇಮ್‌ನಲ್ಲೇ ನಿಂತು ಸೆಟ್ ಇನ್ವರ್ಸ್ ಒತ್ತಿ. ತಂಬಿಗೆ ಇದ್ದ ಜಾಗಕ್ಕೆ ಬರುತ್ತದೆ. ಒಂದು ಸಲ ಒತ್ತಿದ ಮೇಲೆ ಎತ್ತಿನ ಆ ಪೋಸ್ ಬದಲಿಸಬೇಡಿ. ಬದಲಿಸಿದರೆ ಮತ್ತೆ ಒತ್ತಬೇಕು.

ನಾಯಿಯ ಕೈಗೆ ಕೊಡುವಾಗ ಇದೇ ತಂಬಿಗೆಗೆ ಎರಡನೇ ಚೈಲ್ಡ್ ಆಫ್ ಹಾಕಬೇಡಿ, ಗೋಜಲಾಗುತ್ತದೆ. ಎತ್ತು ಬಿಡುವ ಫ್ರೇಮ್‌ನಲ್ಲಿ ವಿಶುವಲ್ ಲೊಕೇಶನ್ ಮತ್ತು ರೊಟೇಶನ್ ಕೀ (ತಂಬಿಗೆ ಕಾಣುತ್ತಿರುವ ಜಾಗ, ತಿರುವನ್ನು ದಾಖಲಿಸುವುದು) ಹಾಕಿ, ಅಲ್ಲಿಂದ ಇನ್‌ಫ್ಲುಯೆನ್ಸ್ 0 ಮಾಡಿ. ನಾಯಿಗೆ ಬೇರೆ ತಂಬಿಗೆ ಇಟ್ಟು, ಅದೇ ಫ್ರೇಮ್‌ನಲ್ಲಿ ಇದನ್ನು ಮರೆಮಾಡಿ ಅದನ್ನು ತೋರಿಸಿ. ನಾನು ಯಾವಾಗಲೂ ಹೀಗೇ ಮಾಡುತ್ತೇನೆ.

ಇನ್ನೊಂದು ಮಾತು. ಗೊರಸು ಮುಟ್ಟಿದ ತಕ್ಷಣ ಎತ್ತಬೇಡಿ. ಸೆಕೆಂಡಿಗೆ 24 ಫ್ರೇಮ್ ಅಲ್ವಾ, ಮೂರು ನಾಲ್ಕು ಫ್ರೇಮ್ ಸುಮ್ಮನೆ ಮುಟ್ಟಿಕೊಂಡೇ ಇರಲಿ. ಆಮೇಲೆ ಹೆಗಲು ಸ್ವಲ್ಪ ಕೆಳಗೆ ಇಳಿಯಲಿ. ಆಮೇಲೆ ತಂಬಿಗೆ ಏಳಲಿ. ತುಂಬಿದ ತಂಬಿಗೆಗೆ ತೂಕ ಇದೆ ಅಂತ ಹೆಗಲು ಹೇಳಬೇಕು.

ಕೋಳಿಯ ಬಗ್ಗೆ. ನಾನು ಹಕ್ಕಿಗಳನ್ನೇ ಜಾಸ್ತಿ ಬರೆಯುವವಳು. ಗರಿಯನ್ನು ಬೆರಳಿನಂತೆ ಮಡಿಸಿದ್ದೇ ತಪ್ಪು. ಗರಿಯ ಕಡ್ಡಿಗೆ ಗೆಣ್ಣು ಇಲ್ಲ. ಅದು ಬಿಲ್ಲಿನಂತೆ ಬಾಗುತ್ತದೆ, ಮಡಚುವುದಿಲ್ಲ. ರೆಕ್ಕೆಯ ಒಳಗೆ ನಮ್ಮಂತೆಯೇ ತೋಳು, ಮುಂಗೈ, ಮಣಿಕಟ್ಟು ಇವೆ. ತುದಿಯ ಹತ್ತು ದೊಡ್ಡ ಗರಿಗಳು ಕೈಯಿಂದ ಹೊರಟಿವೆ. ಅವುಗಳ ಒಳಗಿನ ಸಾಲು ಮುಂಗೈಯಿಂದ. ಮತ್ತೆ ಮಣಿಕಟ್ಟಿನ ಹತ್ತಿರ ಒಂದು ಪುಟ್ಟ ಗರಿಗುಚ್ಛ ಇದೆ. ಅದು ನಿಜವಾಗಿಯೂ ಹೆಬ್ಬೆರಳು! ಹೆಬ್ಬೆರಳಿನ ಮೂಳೆಯ ಮೇಲೇ ಬೆಳೆದದ್ದು. ಕೋಳಿಗೆ ಹೆಬ್ಬೆರಳನ್ನು ನೀವು ಹೊಸದಾಗಿ ಹುಟ್ಟಿಸಬೇಕಿಲ್ಲ, ಇದ್ದದ್ದನ್ನು ಸ್ವಲ್ಪ ದೊಡ್ಡದು ಮಾಡಿದರೆ ಸಾಕು.

ಹತ್ತು ಗರಿಯನ್ನು ಮೂರು ಗುಂಪು ಮಾಡಿ. ಪ್ರತಿ ಗುಂಪಿಗೆ ಬುಡದಲ್ಲಿ ಮಾತ್ರ ತಿರುಗುವ ಬಿಲ್ಲಿನಂತೆ ಬಾಗುವ ಒಂದು ಬೆಂಡಿ ಬೋನ್ ಕೊಡಿ. ಹಿಡಿಯಬೇಕಾದರೆ ಹೆಬ್ಬೆರಳಿನ ಗುಚ್ಛ ಮತ್ತು ಮೊದಲ ಗುಂಪಿನ ನಡುವೆ ಹಿಡಿಯಲಿ.

ಆದರೆ ರೊಟ್ಟಿ ಬಡಿಯಲು ಹಿಡಿತ ಬೇಕೇ ಇಲ್ಲವಲ್ಲ! ನನ್ನ ಅಜ್ಜಿ ಬಡಿಯುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಒಂದೊಂದೇ ಫ್ರೇಮ್ ನೋಡಿದ್ದೇನೆ. ಬೆರಳು ಮಡಚುವುದೇ ಇಲ್ಲ. ಅಗಲವಾದ ಕೈ ಬೀಳುತ್ತದೆ, ರೊಟ್ಟಿ ಚೂರು ತಿರುಗುತ್ತದೆ, ಮತ್ತೆ ಕೈ ಬೀಳುತ್ತದೆ. ಇದಕ್ಕೆ ರೆಕ್ಕೆಗಿಂತ ಒಳ್ಳೆಯ ಕೈ ಯಾವುದಿದೆ? ರೆಕ್ಕೆ ಕೆಳಗೆ ಬಂದು ತಾಗಿದ ಮೇಲೆ ಗರಿಯ ತುದಿಗಳು ಎರಡು ಫ್ರೇಮ್ ತಡವಾಗಿ ಬಂದು ಅಗಲಲಿ. ಏಳುವಾಗ ತುದಿಗಳು ಕೊನೆಗೆ ಏಳಲಿ. ಪ್ರತಿ ಬಡಿತಕ್ಕೆ ರೊಟ್ಟಿ ಸ್ವಲ್ಪ ತಿರುಗಿ ಸ್ವಲ್ಪ ಅಗಲವಾಗಬೇಕು, ಅಗಲವಾಗಲು ಒಂದು ಶೇಪ್ ಕೀ (ಆಕಾರ ಬದಲಿಸುವ ಸೌಲಭ್ಯ) ಸಾಕು. ರೊಟ್ಟಿ ತಿರುಗದಿದ್ದರೆ ಕೋಳಿ ಬಡಿಯುತ್ತಿಲ್ಲ, ಬರೀ ರೆಕ್ಕೆ ಆಡಿಸುತ್ತಿದೆ ಅನಿಸುತ್ತದೆ.

ಜೋಳದತೆನೆ

ತಂಬಿಗೆ ಹಾರುವುದು ನಿಂತಿತು. ಸೆಟ್ ಇನ್ವರ್ಸ್ ಒತ್ತಿರಲೇ ಇಲ್ಲ ನಾನು. ಹೆಗಲು ಇಳಿಸಿದ ಮೇಲೆ ಎತ್ತಿಗೆ ಜೀವ ಬಂದಂತಾಯಿತು.

ಕೋಳಿಯನ್ನು ನೀವು ಹೇಳಿದ ಹಾಗೆ ಮಾಡಿದೆ. ಅಕ್ಕನಿಗೆ ತೋರಿಸಿದೆ. ಅವಳು ಪಾತ್ರದ ಬಗ್ಗೆ ಏನೂ ಹೇಳಲಿಲ್ಲ. "ಹಿಟ್ಟು ಗಟ್ಟಿ ಆಗಿದೆ, ಇನ್ನೊಂಚೂರು ಬಿಸಿನೀರು ಬೇಕಿತ್ತು" ಅಂದಳು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಹೇಳಲಾರೆ.

ನಾಯಿ ಮಾತ್ರ ಉಳಿದಿದೆ. ಪಂಜ ಮುಷ್ಟಿ ಕಟ್ಟಿದರೆ ಬೂಟಿನಂತೆ ಕಾಣುತ್ತದೆ.

ಘಟಪ್ರಭೆ

ಮುಷ್ಟಿ ಬೇಡ. ಬೆರಳುಗಳ ಹಿಂದೆ ಇರುವ ದೊಡ್ಡ ಮೆತ್ತೆಯಿಂದ ಗುದ್ದಲಿ. ಪಂಜ ಆರು ಫ್ರೇಮ್ ಮೇಲೇಳಲಿ, ಎರಡು ಫ್ರೇಮ್ ನಿಲ್ಲಲಿ, ಎರಡೇ ಫ್ರೇಮ್‌ನಲ್ಲಿ ಕೆಳಗೆ ಬೀಳಲಿ. ಉಳ್ಳಾಗಡ್ಡಿ ಜಾರದಂತೆ ಇನ್ನೊಂದು ಪಂಜ ಪಕ್ಕದಲ್ಲಿ ಹಿಡಿದಿರಲಿ. ನಾಯಿ ಎಲುಬು ಕಡಿಯುವಾಗ ಎರಡೂ ಪಂಜದಿಂದ ಒತ್ತಿ ಹಿಡಿಯುತ್ತದೆ, ಅದನ್ನೇ ನೋಡಿ ಮಾಡಿ. ಒಳಗಡೆ ಮೇಲೆ ಇರುವ ಒಂಟಿ ಉಗುರು ಅದರ ಹೆಬ್ಬೆರಳು, ಅದನ್ನು ಮರೆಯಬೇಡಿ. ಮುಧೋಳ ನಾಯಿ ಸಪೂರ ಕಾಲಿನದು. ಹೊಡೆತದ ತೂಕ ಪಂಜದಿಂದ ಬರುವುದಿಲ್ಲ. ಬೆನ್ನಿನ ಬಿಲ್ಲಿನಿಂದ ತನ್ನಿ.

ಜೋಳದತೆನೆ

ಆಯಿತು. ಬೆನ್ನು ಬಾಗಿಸಿದ ಮೇಲೆ ಉಳ್ಳಾಗಡ್ಡಿ ಒಂದೇ ಏಟಿಗೆ ಒಡೆಯುತ್ತಿದೆ. ರಾತ್ರಿ ಕೊನೆಯ ಚಿತ್ರ ತಯಾರಿಸುವ ರೆಂಡರ್‌ಗೆ ಹಾಕಿ ಮಲಗುತ್ತೇನೆ. ತಂಬಿಗೆಯೊಳಗಿನ ನೀರು ವಾಲಿಸಿದಾಗ ಇಡೀ ಗಡ್ಡೆಯಾಗಿ ಚಲಿಸುತ್ತಿದೆ, ಅದನ್ನು ನಾಳೆ ಬೇರೆ ಚರ್ಚೆಯಾಗಿ ಕೇಳುತ್ತೇನೆ.